ಮೈಯೊಳಗಿನ ಹೊದಿಕೆಯೂ ಅದರ ಕಾವಲೂ

ಶಾಲೆಯ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ‘ಅನುಲೇಪಕ ಅಂಗಾಂಶ’ ಎಂಬ ಹೆಸರೊಂದು ಬರುತ್ತದೆ. ಅನುಲೇಪನವೆಂದರೆ ಗಂಧ, ಕಸ್ತೂರಿ ಮೊದಲಾದುವನ್ನು ಮೈಗೆ ಪೂಸಿಕೊಳ್ಳುವುದು. ನಮ್ಮ ಹಳೆಯ ಕಾವ್ಯಗಳನ್ನು ಪಾಠ ಹೇಳುವವನಿಗೆ ಆ ಮಾತು ಕಿವಿಗೆ ಬಿದ್ದೊಡನೆ ಅರಮನೆಯ ಮಜ್ಜನದ ವರ್ಣನೆ ನೆನಪಾಗುವುದೇ ಹೊರತು ಕರುಳಿನ ಒಳಗೋಡೆಯಲ್ಲ. ಆದರೂ ಹೆಸರಿಟ್ಟವರ ಕಲ್ಪನೆ ಸೊಗಸಾದುದೆಂದೇ ಹೇಳಬೇಕು. ಹೊರಗೆ ಚರ್ಮದ ಮೇಲುಪದರ. ಒಳಗೆ ಬಾಯಿ, ಅನ್ನನಾಳ, ಜಠರ, ಕರುಳು, ಶ್ವಾಸನಾಳ, ಹಾಲಿನ ನಾಳಗಳು. ದೇಹಕ್ಕೆ ಎಲ್ಲೆಲ್ಲಿ ಒಂದು ಅಂಚು ಇದೆಯೋ ಅಲ್ಲೆಲ್ಲ ಈ ತೆಳುವಾದ ಪೂಸು ಇದೆ. ಒಂದೇ ಕೊರತೆಯೆಂದರೆ, ಪೂಸಿದ ಗಂಧ ಒಣಗಿ ಉದುರುವ ಜಡವಸ್ತು; ಇದಾದರೋ ಜೀವಂತವಾದುದು. ಜೀವಕೋಶಗಳು ಒಂದರ ಪಕ್ಕದಲ್ಲೊಂದು ನಿಂತು, ಕೈಕೈ ಹಿಡಿದು, ಸಂದಿಲ್ಲದಂತೆ ನೆಯ್ದುಕೊಂಡ ಹೊದಿಕೆ ಇದು. ಆದುದರಿಂದ ಇಲ್ಲಿ ನಾನು ಇದನ್ನು ‘ಹೊದಿಕೆ’ ಎಂದೇ ಕರೆಯುತ್ತೇನೆ.

ಈ ಹೊದಿಕೆ ಸದಾ ಸವೆಯುತ್ತಿರುತ್ತದೆ, ಸದಾ ಹೊಸದಾಗುತ್ತಿರುತ್ತದೆ. ಕರುಳಿನ ಒಳಹೊದಿಕೆ ಮೂರು ನಾಲ್ಕು ದಿನಗಳಿಂದ ಐದು ದಿನಗಳೊಳಗಾಗಿ ಪೂರ್ತಿ ಬದಲಾಗುತ್ತದೆ. ಚರ್ಮದ ಮೇಲುಪದರಕ್ಕೆ ಸುಮಾರು ಒಂದು ತಿಂಗಳು ಬೇಕು. ಇಷ್ಟು ಬಾರಿ ಒಡೆದು ಇಮ್ಮಡಿಸುವ ಕೋಶಗಳಲ್ಲಿ ಒಂದಾದರೂ ದಾರಿ ತಪ್ಪದೆ ಇದ್ದೀತೆ? ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಹುಟ್ಟುವುದು ಈ ಹೊದಿಕೆಯಲ್ಲಿಯೇ. ಆದರೆ ನನಗೆ ಸೋಜಿಗವೆನಿಸುವುದು ಅದಲ್ಲ. ಕೋಟಿ ಕೋಟಿ ಕೋಶಗಳು ದಿನವೂ ಹುಟ್ಟಿ ಉದುರುತ್ತಿದ್ದರೂ ಬಹುಮಂದಿಗೆ ಬಹುಕಾಲ ಏನೂ ಆಗುವುದಿಲ್ಲವಲ್ಲ, ಅದು. ಗಡ್ಡೆಗೆ ಸಂಸ್ಕೃತದಲ್ಲಿ ‘ಅರ್ಬುದ’ ಎನ್ನುತ್ತಾರೆ. ಕೋಟಿಗಳ ಲೆಕ್ಕದ ಒಂದು ಸಂಖ್ಯೆಗೂ ಅದೇ ಹೆಸರು. ಲೆಕ್ಕ ತಪ್ಪಿ ಬೆಳೆಯುವುದಕ್ಕೂ ಲೆಕ್ಕಕ್ಕೂ ಒಂದೇ ಮಾತು ಸಂದಿರುವುದು ಆಕಸ್ಮಿಕವೇ ಇರಬಹುದು.

ಹಾಗಾದರೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವವರು ಯಾರು? ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನುಗಳನ್ನು ಮಾಡಿಸುವ ವಂಶವಾಹಿಗಳು, ಅಂದರೆ ಜೀನುಗಳು, ಸುಮಾರು ೨೦,೦೦೦ ಇವೆ. ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಅದೇ ಗ್ರಂಥ. ವ್ಯತ್ಯಾಸವಿರುವುದು ಯಾವ ಪುಟ ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ. ಪುಟ ತೆರೆಯುವ, ಮುಚ್ಚುವ ಕೆಲಸಕ್ಕಾಗಿಯೇ ಸುಮಾರು ೧,೬೦೦ ಜೀನುಗಳು ಮೀಸಲಾಗಿವೆ. ಅವು ಮಾಡಿಸುವ ಪ್ರೋಟೀನುಗಳು ಉಳಿದ ಜೀನುಗಳ ತಲೆಬರಹದ ಮೇಲೆ ಹೋಗಿ ಕುಳಿತು ಅವನ್ನು ನಡೆಸುತ್ತವೆ ಅಥವಾ ತಡೆಯುತ್ತವೆ. ಇವುಗಳನ್ನು ನಿಯಾಮಕಗಳು ಎನ್ನೋಣ. ಹೊದಿಕೆಯ ಕೋಶ ಹೊದಿಕೆಯ ಕೋಶವಾಗಿಯೇ ಉಳಿಯುವುದು ತನ್ನ ಸ್ವಭಾವದಿಂದಲ್ಲ. ಈ ನಿಯಾಮಕಗಳು ಹಗಲಿರುಳೂ ಅದನ್ನು ಹಾಗೆ ಇರಿಸಿರುವುದರಿಂದ.

ಕೋಶಗಳು ಕೈಕೈ ಹಿಡಿದಿರುತ್ತವೆ ಎಂದೆನಷ್ಟೆ. ಆ ಕೈಯನ್ನು ಕಂಡುಹಿಡಿದವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಸಾತೋಶಿ ತಾಕೆಯಿಚಿ. ಕ್ಯಾಲ್ಸಿಯಮ್ ಇದ್ದರೆ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತೆಗೆದರೆ ಬಿಡಿಬಿಡಿಯಾಗುತ್ತವೆ ಎಂಬುದನ್ನು ಅವರು ೧೯೭೭ರಲ್ಲಿಯೇ ತೋರಿಸಿದ್ದರು. ಅಂಟಿಸುವ ಪ್ರೋಟೀನಿಗೆ ೧೯೮೪ರಲ್ಲಿ ‘ಕ್ಯಾಡ್‌ಹೆರಿನ್’ ಎಂಬ ಹೆಸರು ಬಂತು. ಹೊದಿಕೆಯ ಕೋಶಗಳಲ್ಲಿರುವುದು ಇ-ಕ್ಯಾಡ್‌ಹೆರಿನ್. ಅದರ ಒಂದು ತುದಿ ಕೋಶದ ಹೊರಗೆ ಚಾಚಿ ನೆರೆಯ ಕೋಶದ ಅಂಥದೇ ತುದಿಯನ್ನು ಹಿಡಿಯುತ್ತದೆ. ಇನ್ನೊಂದು ತುದಿ ಒಳಗೆ, ಕೋಶದ ಎಲುಬುಗೂಡೆನ್ನಬಹುದಾದ ಎಳೆಗಳಿಗೆ ಬಿಗಿದಿರುತ್ತದೆ. ವ್ಯಾಕರಣದವರು ಇಂಥ ಕೂಡುವಿಕೆಗೆ ಸಂಧಿ ಎನ್ನುತ್ತಾರೆ. ಜೀವಶಾಸ್ತ್ರದವರೂ ಅದೇ ಮಾತನ್ನು ಬಳಸಿದರೆ ನಮಗೇನೂ ನಷ್ಟವಿಲ್ಲ.

ಈ ಸಂಧಿ ಬಿಟ್ಟುಹೋದರೆ ಆಗುವುದೇನು ಎಂಬುದನ್ನು ಜಗತ್ತಿಗೆ ತಿಳಿಸಿದವರು ಪ್ರಯೋಗಶಾಲೆಯವರು ಮಾತ್ರವಲ್ಲ, ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದವರು. ಸುಮಾರು ೩೦ ವರ್ಷಗಳಲ್ಲಿ ಆ ಬಂಧುವರ್ಗದ ಇಪ್ಪತ್ತಕ್ಕೂ ಮೀರಿದ ಮಂದಿ ಜಠರದ ಕ್ಯಾನ್ಸರಿಗೆ ತುತ್ತಾಗಿದ್ದರು. ಮುದುಕರಲ್ಲ, ಹಲವರು ತುಂಬು ಯೌವನದಲ್ಲಿದ್ದವರು, ಕೆಲವರು ಇನ್ನೂ ಮಕ್ಕಳೆನ್ನಬೇಕಾದವರು. ನಮ್ಮಲ್ಲಾಗಿದ್ದರೆ ನಾಗದೋಷವೋ ಹಿರಿಯರು ಹೊತ್ತು ತಂದ ಶಾಪವೋ ಎಂದು ಹೇಳಿ, ಹೆಣ್ಣು ಕೊಡುವವರೂ ತರುವವರೂ ದೂರ ಸರಿಯುತ್ತಿದ್ದರು. ಆ ಮನೆತನದವರು ಬೇರೆ ದಾರಿ ಹಿಡಿದರು. ತಾವಾಗಿಯೇ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಸೇರಿ ಕಾರಣ ಹುಡುಕಲು ಹೊರಟರು. ವಂಶಾವಳಿಯನ್ನು ನೆನಪಿನಲ್ಲಿಟ್ಟು ಹೇಳುವುದು ಮಾವೊರಿಗಳ ಹಳೆಯ ವಿದ್ಯೆ. ಅದು ಇಲ್ಲಿ ಉಪಯೋಗಕ್ಕೆ ಬಂತು. ಯಾರು ಯಾರ ಮಗ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂಬ ಪಟ್ಟಿ ಸಿದ್ಧವಾಯಿತು. ಬದುಕಿದ್ದವರು ರಕ್ತ ಕೊಟ್ಟರು. ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರ ಪ್ರಬಂಧ ೧೯೯೮ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ, ಕರ್ತೃಗಳ ಸಾಲಿನಲ್ಲಿ ಆ ಮನೆತನದವರ ಹೆಸರುಗಳೂ ಇದ್ದುವು. ವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ಕರ್ತೃಪಟ್ಟಿಗಳಲ್ಲಿ ಇದೊಂದು.

ಸಿಕ್ಕ ದೋಷವೇನು? ಇ-ಕ್ಯಾಡ್‌ಹೆರಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ. ‘ಜಿ’ ಇರಬೇಕಾದಲ್ಲಿ ‘ಟಿ’. ಒಂದು ಅಕ್ಷರದಿಂದ ಇಷ್ಟೆಲ್ಲ ಆದೀತೆ ಎಂದು ಕೇಳಬಹುದು. ಓಲೆಗರಿಯ ಪ್ರತಿಗಳನ್ನು ಓದಿದವರು ಕೇಳಲಾರರು. ಅಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಓದುವವನೇ ತಿಳಿದುಕೊಳ್ಳಬೇಕು. ಒಡೆಯುವ ಜಾಗದಲ್ಲಿನ ಅಕ್ಷರವನ್ನು ಲಿಪಿಕಾರ ತಪ್ಪಿದನೋ, ಮುಂದಿನ ಸಾಲೆಲ್ಲ ಅಪಾರ್ಥವಾಗುತ್ತದೆ. ಜೀನಿನ ಬರಹದಲ್ಲಿಯೂ ಬೇಕಾದ ಭಾಗ, ಬೇಡದ ಭಾಗ ಬೆರೆತಿರುತ್ತವೆ; ಬೇಡದುದನ್ನು ಕತ್ತರಿಸಿ ಬೇಕಾದುದನ್ನು ಜೋಡಿಸಿಯೇ ಓದಬೇಕು. ಆ ಮನೆತನದಲ್ಲಿ ಕೆಟ್ಟದ್ದು ಕತ್ತರಿಸುವ ಗುರುತಿನ ಬಳಿಯ ಅಕ್ಷರ.

ಆದರೆ ಪ್ರತಿಯೊಬ್ಬರಲ್ಲಿಯೂ ಜೀನಿನ ಎರಡು ಪ್ರತಿಗಳಿರುತ್ತವೆ, ತಂದೆಯಿಂದೊಂದು, ತಾಯಿಯಿಂದೊಂದು. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಎರಡನೆಯದೂ ಕೈಕೊಟ್ಟಾಗ ಮಾತ್ರ ರೋಗ ಎಂಬ ತತ್ತ್ವವನ್ನು ಆಲ್‌ಫ್ರೆಡ್ ನುಡ್ಸನ್ ೧೯೭೧ರಲ್ಲಿ, ಮಕ್ಕಳ ಕಣ್ಣಿನ ಗಡ್ಡೆಯ ೪೮ ಪ್ರಸಂಗಗಳನ್ನು ಲೆಕ್ಕಹಾಕಿ ಮಂಡಿಸಿದ್ದರು. ಹಾಗಿದ್ದರೆ ಜಠರದಲ್ಲಿ ಎರಡನೆಯ ಪ್ರತಿಗೆ ಬೀಳುವ ಪೆಟ್ಟು ಯಾವುದು? ೨೦೦೦ದಲ್ಲಿ ದೊರೆತ ಉತ್ತರ ನಮ್ಮ ವಿಷಯಕ್ಕೆ ನೇರವಾಗಿ ಬರುತ್ತದೆ: ಬಹಳ ವೇಳೆ ಆ ಪ್ರತಿಯ ಅಕ್ಷರಗಳಲ್ಲಿ ತಪ್ಪೇ ಇರುವುದಿಲ್ಲ. ತಲೆಬರಹದ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿಕೊಂಡು ಪುಟವನ್ನೇ ಮುಚ್ಚಿಬಿಟ್ಟಿರುತ್ತವೆ. ಗ್ರಂಥ ಸರಿಯಾಗಿಯೇ ಇದೆ, ಓದುವಂತಿಲ್ಲ. ಹೊದಿಕೆ ಕೆಡುವುದು ಬರಹದ ದೋಷದಿಂದ ಮಾತ್ರವಲ್ಲ, ಆಡಳಿತದ ದೋಷದಿಂದಲೂ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈ ಜ್ಞಾನದಿಂದ ಆ ಮನೆತನಕ್ಕೆ ಬಂದದ್ದು ಬಿಡುಗಡೆಯೋ ಇಕ್ಕಟ್ಟೋ ಹೇಳುವುದು ಕಷ್ಟ. ದೋಷವಿಲ್ಲವೆಂದು ತಿಳಿದವರು ನಿಟ್ಟುಸಿರು ಬಿಟ್ಟರು. ದೋಷವುಳ್ಳವರ ಮುಂದೆ ಬೇರೊಂದು ಪ್ರಶ್ನೆ ನಿಂತಿತು. ಈ ಬಗೆಯ ಕ್ಯಾನ್ಸರು ಗಡ್ಡೆಯಾಗಿ ಮೇಲೇಳುವುದಿಲ್ಲ. ಕೈಬಿಟ್ಟ ಕೋಶಗಳು ಒಂದೊಂದಾಗಿ ಹೊದಿಕೆಯ ಕೆಳಗೆ ಇಳಿದು ಹರಡುತ್ತವೆ, ಮೇಲಿನ ಪದರ ನಯವಾಗಿಯೇ ಕಾಣುತ್ತಿರುತ್ತದೆ. ನಾಳಿಕೆ ಇಳಿಬಿಟ್ಟು ನೋಡಿದರೂ ತಪ್ಪಿಸಿಕೊಳ್ಳಬಲ್ಲದು. ಆದುದರಿಂದ ರೋಗದ ಸುಳಿವಿಲ್ಲದಾಗಲೇ ಇಡೀ ಜಠರವನ್ನು ತೆಗೆಸಿಕೊಂಡವರಿದ್ದಾರೆ. ಅನ್ನನಾಳವನ್ನು ನೇರವಾಗಿ ಸಣ್ಣಕರುಳಿಗೆ ಹೊಲಿಯುತ್ತಾರೆ; ಮುಂದೆ ಜೀವಮಾನವೆಲ್ಲ ಸ್ವಲ್ಪಸ್ವಲ್ಪವೇ ಹಲವು ಬಾರಿ ಉಣ್ಣಬೇಕು. ಅಪಾಯದ ಅಂದಾಜು ಮೊದಲು ನೂರಕ್ಕೆ ೭೦ರಷ್ಟೆಂದಿದ್ದುದು, ೨೦೧೯ರಲ್ಲಿ ಬಂದ ಲೆಕ್ಕಗಳಲ್ಲಿ ೪೦ರ ಆಸುಪಾಸಿಗೂ ಅದಕ್ಕಿಂತ ಕೆಳಕ್ಕೂ ಇಳಿಯಿತು. ಹೆಂಗಸರಿಗೆ ಇದರ ಜೊತೆಗೆ ಒಂದು ಬಗೆಯ ಸ್ತನಕ್ಯಾನ್ಸರಿನ ಭಯವೂ ಉಂಟು. ಅಲ್ಲಿಯೂ ಇ-ಕ್ಯಾಡ್‌ಹೆರಿನ್ ಕಳೆದುಕೊಂಡ ಕೋಶಗಳು ಇರುವೆಗಳಂತೆ ಒಂಟಿಸಾಲು ಹಿಡಿದು ನಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ನೂರಕ್ಕೆ ೪೦ ಎಂದರೆ ಜಠರವನ್ನು ಬಿಟ್ಟುಕೊಡಬೇಕೆ, ಇಟ್ಟುಕೊಳ್ಳಬೇಕೆ? ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಉತ್ತರಿಸಬೇಕಾದ ಪ್ರಶ್ನೆ ಇದು.

ಇನ್ನು ನಿಯಾಮಕಗಳ ವಿಷಯ. ೧೯೭೦ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷಾಸ್ ಎಂಬಿಬ್ಬರು ಹಣ್ಣಿನ ನೊಣಗಳ ಭ್ರೂಣಗಳನ್ನು ಸಾವಿರಗಟ್ಟಲೆ ನೋಡಿ, ಯಾವ ಜೀನು ಕೆಟ್ಟರೆ ಭ್ರೂಣ ಹೇಗೆ ಕೆಡುತ್ತದೆ ಎಂದು ಪಟ್ಟಿಮಾಡುತ್ತಿದ್ದರು. ಈ ಕೆಲಸಕ್ಕೆ ೧೯೯೫ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ನೊಣದವರು ಹೆಸರಿಡುವುದರಲ್ಲಿ ರಸಿಕರು. ಕೆಟ್ಟ ಭ್ರೂಣ ಹೇಗೆ ಕಾಣುತ್ತದೆಯೋ ಅದೇ ಜೀನಿನ ಹೆಸರು. ಒಂದು ‘ಸ್ನೇಲ್’, ಅಂದರೆ ಬಸವನಹುಳು. ಇನ್ನೊಂದು ‘ಗ್ರೇನಿಹೆಡ್’, ತಲೆಯ ಭಾಗದ ಚಿಪ್ಪು ಗಟ್ಟಿಯಾಗದೆ ಕಾಳುಕಾಳಾಗಿ ಕಾಣುವುದರಿಂದ ‘ಕಾಳುತಲೆ’ ಎನ್ನಬಹುದು. ನೊಣದ ಭ್ರೂಣದಲ್ಲಿ ಸಿಕ್ಕಿದ ಈ ಎರಡು ಹೆಸರುಗಳು ಮನುಷ್ಯನ ಕ್ಯಾನ್ಸರಿನಲ್ಲಿ ಎದುರುಬದುರಾಗಿ ನಿಲ್ಲುತ್ತವೆಂದು ಅಂದು ಯಾರೂ ಊಹಿಸಿರಲಾರರು.

ಸ್ನೇಲ್ ಬಿಡಿಸುವ ನಿಯಾಮಕ. ೨೦೦೦ದಲ್ಲಿ ಮ್ಯಾಡ್ರಿಡ್ಡಿನ ಅಂಪಾರೊ ಕಾನೊ, ಆಂಜೆಲಾ ನಿಯೆಟೊ ಮೊದಲಾದವರ ಗುಂಪೂ ಬಾರ್ಸಿಲೋನಾದ ಗಾರ್ಸಿಯಾ ದೆ ಎರೆರೋಸರ ಗುಂಪೂ ಒಟ್ಟೊಟ್ಟಿಗೆ ತೋರಿಸಿಕೊಟ್ಟಂತೆ, ಇ-ಕ್ಯಾಡ್‌ಹೆರಿನ್ ಜೀನಿನ ತಲೆಬರಹದಲ್ಲಿ ಆರೇ ಅಕ್ಷರಗಳ ಒಂದು ಗುರುತಿದೆ. ಸ್ನೇಲ್ ಅದನ್ನು ಹಿಡಿದು ಕುಳಿತರೆ ಜೀನು ಬಾಯಿ ಮುಚ್ಚುತ್ತದೆ. ಕೋಶಗಳ ಕೈ ಸಡಿಲುತ್ತದೆ. ಇಟ್ಟಿಗೆಯಂತೆ ಚೌಕಾಕಾರವಾಗಿದ್ದವು ನೂಲಿನ ಕದಿರಿನಂತೆ ಉದ್ದವಾಗಿ, ಅಲೆಯತೊಡಗುತ್ತವೆ. ಇಂಥ ಮಾರ್ಪಾಟನ್ನು ಹಾರ್ವರ್ಡಿನ ಎಲಿಜಬೆತ್ ಹೇ ೧೯೮೨ರಲ್ಲಿಯೇ ವರ್ಣಿಸಿದ್ದರು. ಹಾಗೆಂದು ಸ್ನೇಲನ್ನು ಖಳನಾಯಕನೆನ್ನುವುದು ಅನ್ಯಾಯ. ಭ್ರೂಣದಲ್ಲಿ ಕೋಶಗಳು ಹುಟ್ಟಿದೆಡೆ ಬಿಟ್ಟು ದೂರ ನಡೆದು ಹೋಗದಿದ್ದರೆ ಮುಖದ ಎಲುಬಾಗಲಿ ಅನೇಕ ನರಗಳಾಗಲಿ ಆಗುತ್ತಿರಲಿಲ್ಲ. ಆ ನಡಿಗೆಗೆ ಸ್ನೇಲಿನ ಮನೆತನದ ನಿಯಾಮಕಗಳು ಬೇಕೇ ಬೇಕು. ಮುಗಿದ ಮೇಲೆ ಮಲಗಿರಬೇಕಾದುದು ಅವೇಳೆಯಲ್ಲಿ ಎಚ್ಚರಗೊಳ್ಳುವುದೇ ಅನರ್ಥ.

ಗ್ರೇನಿಹೆಡ್ ಕೂಡಿಸುವ ನಿಯಾಮಕ. ನೊಣಕ್ಕೂ ಮನುಷ್ಯನಿಗೂ ಸಮಾನನಾದ ಪೂರ್ವಜ ಬಾಳಿದ್ದು ೫೦ ಕೋಟಿ ವರ್ಷಗಳಿಗೂ ಹಿಂದೆ. ನೊಣದ ಹೊರಕವಚಕ್ಕೂ ನಮ್ಮ ಚರ್ಮಕ್ಕೂ ವಸ್ತುವಿನಲ್ಲಿ ಹೋಲಿಕೆಯೇ ಇಲ್ಲ. ಆದರೂ ಎರಡನ್ನೂ ಕಾಯುವುದು ಒಂದೇ ಮನೆತನ. ೨೦೦೫ರಲ್ಲಿ ಕ್ಯಾಲಿಫೋರ್ನಿಯಾದ ಗುಂಪೊಂದು ನೊಣದ ಗಾಯ ಮಾಯಲು ಗ್ರೇನಿಹೆಡ್ ಬೇಕೆಂದು ತೋರಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಸ್ಟೀಫನ್ ಜೇನ್ ಮತ್ತು ಸಂಗಡಿಗರು ಇಲಿಯಲ್ಲಿ ಅದರ ದಾಯಾದಿಯೊಂದು ಅದೇ ಕೆಲಸ ಮಾಡುವುದನ್ನು ಕಂಡರು. ನಮ್ಮಲ್ಲಿ ಈ ಮನೆತನದ ಮೂವರಿದ್ದಾರೆ. ಮೂರನೆಯದನ್ನು ಇಲಿಯ ಚರ್ಮದಿಂದ ತೆಗೆದುಹಾಕಿದರೆ, ಬೆಳವಣಿಗೆಗೆ ಕಡಿವಾಣ ಹಾಕುವ ‘ಪಿಟೆನ್’ ಎಂಬ ಇನ್ನೊಂದು ಜೀನು ತಗ್ಗಿ, ಉಗ್ರವಾದ ಚರ್ಮದ ಕ್ಯಾನ್ಸರು ಹುಟ್ಟುತ್ತದೆಂದು ಅದೇ ಗುಂಪು ೨೦೧೧ರಲ್ಲಿ ಪ್ರಕಟಿಸಿತು. ಗಾಯ ಮಾಯಿಸುವ ಕೈಯೇ ಗಡ್ಡೆಯನ್ನೂ ತಡೆಯುತ್ತಿತ್ತು. ಎರಡನೆಯದು ಇ-ಕ್ಯಾಡ್‌ಹೆರಿನ್ ಪುಟವನ್ನು ತೆರೆದಿರಿಸುತ್ತದೆ. ಸ್ನೇಲಿನ ಹಾಗೆಯೇ ಬಿಡಿಸುವ ‘ಝೆಬ್’ ಎಂಬ ನಿಯಾಮಕವನ್ನು ಅದುಮಿ ಹಿಡಿಯುತ್ತದೆ. ಝೆಬ್ ಕೂಡ ಸುಮ್ಮನಿರುವುದಿಲ್ಲ, ಇದನ್ನೇ ಅದುಮಲು ನೋಡುತ್ತದೆ.

ಈ ಹಗ್ಗಜಗ್ಗಾಟದಲ್ಲಿ ಕಾವಲಿನ ಪಕ್ಷಕ್ಕೆ ಇನ್ನೊಂದು ಬಲವೂ ಉಂಟು. ಕೇವಲ ೨೨ ಅಕ್ಷರಗಳಷ್ಟು ಉದ್ದದ ಮೈಕ್ರೋ ಆರ್.ಎನ್.ಎ.ಗಳು ಜೀನುಗಳ ಸಂದೇಶವನ್ನು ನಡುದಾರಿಯಲ್ಲಿ ತಡೆಯುತ್ತವೆ. ೧೯೯೩ರಲ್ಲಿ ಒಂದು ಹುಳುವಿನಲ್ಲಿ ಮೊದಲು ಕಂಡ ಇವುಗಳಿಗಾಗಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್‌ಕನ್ ಇಬ್ಬರಿಗೂ ೨೦೨೪ರಲ್ಲಿ ನೊಬೆಲ್ ಬಹುಮಾನ ಬಂದಿತಷ್ಟೆ. ಇವುಗಳಲ್ಲಿ ‘೨೦೦’ ಎಂಬ ಸಂಖ್ಯೆಯ ಸಣ್ಣ ಬಳಗವೊಂದು ಝೆಬ್‌ನ ಸಂದೇಶವನ್ನು ಹಲವು ಕಡೆ ಹಿಡಿದು ಅದನ್ನು ಅಡಗಿಸುತ್ತದೆಂದು ೨೦೦೮ರಲ್ಲಿ ಅಡಿಲೇಡಿನ ಗ್ರೆಗರಿ, ಗುಡಾಲ್ ಮೊದಲಾದವರು ಕಂಡುಕೊಂಡರು. ಝೆಬ್ ಈ ಬಳಗವನ್ನು ಹುಟ್ಟದಂತೆ ತಡೆಯುತ್ತದೆ. ಒಬ್ಬರನ್ನೊಬ್ಬರು ಅದುಮುವ ಇಂಥ ಜೋಡಿಗಳಲ್ಲಿ ಒಂದು ಗುಣವಿದೆ: ತಕ್ಕಡಿ ಒಂದು ಕಡೆಗೆ ಬಾಗಿದ ಮೇಲೆ ಅಲ್ಲಿಯೇ ನಿಲ್ಲುತ್ತದೆ. ಆರೋಗ್ಯವಂತರಲ್ಲಿ ಹೊದಿಕೆಯ ಕಡೆಗೆ ಬಾಗಿ ನಿಂತಿದೆ.

ಇಲ್ಲಿ ಗಣಿತದವರು ಪ್ರವೇಶಿಸಿದರು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಗುಂಪೊಂದು ೨೦೧೩ರಲ್ಲಿ ಲೆಕ್ಕ ಹಾಕಿ, ತಕ್ಕಡಿಗೆ ಎರಡಲ್ಲ, ಮೂರು ನೆಲೆಗಳುಂಟು ಎಂದಿತು: ಕೈ ಹಿಡಿದದ್ದು, ಬಿಟ್ಟದ್ದು, ಇವೆರಡರ ನಡುವೆ ಅರ್ಧ ಹಿಡಿದು ಅರ್ಧ ಬಿಟ್ಟದ್ದು. ಆ ಗುಂಪಿನಲ್ಲಿದ್ದ ಮೋಹಿತ್ ಕುಮಾರ್ ಜಾಲಿ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ಕೆಲಸವನ್ನು ಮುಂದುವರಿಸಿದರು. ನಡುನೆಲೆಯ ಕೋಶಗಳೇ ಹೆಚ್ಚು ಅಪಾಯದವು ಎಂಬ ಅಭಿಪ್ರಾಯ ಈಗ ಬಲವಾಗಿದೆ; ಅವು ಗುಂಪುಗುಂಪಾಗಿ ಕೈ ಹಿಡಿದುಕೊಂಡೇ ವಲಸೆ ಹೋಗಿ, ಹೋದಲ್ಲಿ ಹೊಸ ಗಡ್ಡೆ ಕಟ್ಟಬಲ್ಲವು. ೨೦೧೯ರ ಒಂದು ಅಧ್ಯಯನವಂತೂ, ಇಲಿಗಳ ಸ್ತನಕ್ಯಾನ್ಸರಿನಲ್ಲಿ ಇ-ಕ್ಯಾಡ್‌ಹೆರಿನ್ ಕಳೆದುಕೊಂಡ ಕೋಶಗಳು ಹೊರಟುಹೋದರೂ ದಾರಿಯಲ್ಲಿ ಬದುಕಿ ಉಳಿಯುವುದು ಕಡಿಮೆ ಎಂದು ತೋರಿಸಿತು. ಅಂದಮೇಲೆ ಕಾವಲುಗಾರನೇ ಕೆಲವೊಮ್ಮೆ ಕಳ್ಳನಿಗೆ ಬುತ್ತಿ ಕಟ್ಟಿಕೊಡುತ್ತಾನೆ. ಜನಪ್ರಿಯ ಲೇಖನಗಳಲ್ಲಿ ‘ಕ್ಯಾನ್ಸರ್ ತಡೆಯುವ ಜೀನು’, ‘ಕ್ಯಾನ್ಸರ್ ತರುವ ಜೀನು’ ಎಂದು ಎರಡು ಪಂಗಡ ಮಾಡಿಡುವುದನ್ನು ನಾನು ಮೆಚ್ಚಲಾರೆ. ಎಲ್ಲಿ, ಯಾವಾಗ, ಎಷ್ಟು ಎಂಬ ಮೂರು ಮಾತು ಸೇರದೆ ಇವುಗಳ ಗುಣದೋಷ ಹೇಳುವಂತಿಲ್ಲ.

ನಮ್ಮ ನಾಡಿಗೆ ಹತ್ತಿರವಾದ ಸಂಗತಿಯೊಂದಿದೆ. ಭಾರತದಲ್ಲಿ ಅಡಕೆಯನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವವರು ನಾವು. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ, ಹಬ್ಬವಿಲ್ಲ; ಕವಿಗಳೂ ಅದನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಹೊಗೆಸೊಪ್ಪು ಬೆರೆತ ಎಲೆಯಡಕೆ ಮಾತ್ರವಲ್ಲ, ಬೆರೆಯದ ಎಲೆಯಡಕೆಯೂ, ಬರಿಯ ಅಡಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು ಅಡಕೆಯಿಂದ ಬರುವ ಇನ್ನೊಂದು ಸ್ಥಿತಿಯಿದೆ: ಕೆನ್ನೆಯ ಒಳಹೊದಿಕೆಯ ಕೆಳಗೆ ನಾರು ತುಂಬಿ, ಹೊದಿಕೆ ಬಿಳಿಚಿ ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತರಗತಿಯಲ್ಲಿ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದಾಗ, ದೀರ್ಘ ಆಕಾರಕ್ಕೆ ಬಾಯಿ ಅಗಲಿಸಲಾರದ ಹುಡುಗನೊಬ್ಬನನ್ನು ನಾನು ಕಂಡಿದ್ದೇನೆ. ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಅವನ ಜೇಬಿನಲ್ಲಿದ್ದುದು ಕವಿಗಳು ಹೊಗಳಿದ ತಾಂಬೂಲವಲ್ಲ, ಅಂಗಡಿಯ ಬಾಗಿಲಲ್ಲಿ ತೋರಣದಂತೆ ತೂಗುವ ಪೊಟ್ಟಣ. ಗುಟ್ಕಾವನ್ನು ಕರ್ನಾಟಕ ಸರಕಾರ ೨೦೧೩ರಲ್ಲಿ ನಿಷೇಧಿಸಿದ ಮೇಲೆ ಮಸಾಲೆಯ ಪೊಟ್ಟಣವೊಂದು, ಹೊಗೆಸೊಪ್ಪಿನದೊಂದು ಬೇರೆಬೇರೆಯಾಗಿ ಬಂದುವು. ಬೆರೆಸುವ ಕೆಲಸ ಕೊಳ್ಳುವವನದಾಯಿತು.

ಅಡಕೆಗೂ ನಿಯಾಮಕಗಳಿಗೂ ಇರುವ ಕೊಂಡಿಯನ್ನು ಹುಡುಕಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಕೊಂಡಯ್ಯ ಮತ್ತು ಸಂಗಡಿಗರು ಸೇರಿದ್ದಾರೆ. ಅಡಕೆಯ ಸಾರ ಬಾಯಿಯ ಹೊದಿಕೆಯ ಕೋಶಗಳಲ್ಲಿ ‘ಟಿಜಿಎಫ್ ಬೀಟಾ’ ಎಂಬ ಸಂಕೇತವನ್ನು ಎಬ್ಬಿಸುತ್ತದೆಂದು ಅವರು ೨೦೧೨ರಲ್ಲಿ ಪ್ರಕಟಿಸಿದರು. ಈ ಸಂಕೇತ ಒಂದು ಕಡೆ ಕೆಳಪದರದಲ್ಲಿ ನಾರು ತುಂಬಿಸುತ್ತದೆ. ಇನ್ನೊಂದು ಕಡೆ, ಹೊದಿಕೆಯ ಕೋಶಗಳಲ್ಲಿ ಸ್ನೇಲನ್ನೂ ಝೆಬ್ಬನ್ನೂ ಎಚ್ಚರಿಸಬಲ್ಲ ಸಂಕೇತಗಳಲ್ಲಿ ಇದೇ ಮುಖ್ಯವಾದುದು. ಗಾಯವಾದಾಗ ನಾಲ್ಕು ದಿನ ಎದ್ದು ಮಲಗಬೇಕಾದ ಕೂಗು, ದಿನಕ್ಕೆ ಹತ್ತು ಪೊಟ್ಟಣ ಜಗಿಯುವವನ ಕೆನ್ನೆಯಲ್ಲಿ ವರ್ಷಗಟ್ಟಲೆ ಎದ್ದೇ ಇರುತ್ತದೆ. ಹಲ್ಲಿನ ವೈದ್ಯರು ಇದನ್ನು ಪರೀಕ್ಷಿಸುವ ಕ್ರಮ ಬಹು ಸರಳ. ರೋಗಿ ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಬೇಕು. ಮೂರೂ ಹಿಡಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದು ಅರ್ಥ. ಅಭ್ಯಾಸವನ್ನು ಆಗಲೇ ಬಿಟ್ಟರೆ ಮುಂದಿನ ಕೇಡಿನ ಭಯ ತಗ್ಗುತ್ತದೆ. ತುಂಬಿಹೋದ ನಾರು ಮಾತ್ರ ತಾನಾಗಿ ಕರಗುವುದಿಲ್ಲ.